ಮಕ್ಕಳಿಗೆ ಏನು ಹೇಳಲಿ? ಗುಣವಾಗದ ಕಾಯಿಲೆ, ಪ್ರಾರ್ಥನೆ, ಮನೆಯಲ್ಲಿ ಇಬ್ಬರು ಸಣ್ಣವರು

ಧಾರವಾಡದ ತಾಯಿ

ಎಲ್ಲರಿಗೂ ವಂದನೆಗಳು. ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಬಾಸೆಲ್ ಮಿಶನ್ ಕಾಲದಿಂದ ನಮ್ಮ ಮನೆತನ ಇಲ್ಲೇ ಇದೆ. ನನಗೆ ಅಂಡಾಶಯದ ಕ್ಯಾನ್ಸರ್. ಆಪರೇಷನ್, ಕಿಮೋ ಎಲ್ಲ ಆಗಿ ಕೆಲವು ಕಾಲ ಚೆನ್ನಾಗಿದ್ದೆ. ಈಗ ಮತ್ತೆ ಹೊಟ್ಟೆಯಲ್ಲಿ ನೀರು ತುಂಬುತ್ತಿದೆ, ಲಿವರಿಗೂ ಹಬ್ಬಿದೆ. ಇನ್ನು ಮೇಲೆ ಕೊಡುವ ಔಷಧ ಗುಣಪಡಿಸುವುದಕ್ಕಲ್ಲ, ಸ್ವಲ್ಪ ತಡೆದು ಹಿಡಿಯುವುದಕ್ಕೆ ಅಂತ ಡಾಕ್ಟರು ಬಿಡಿಸಿ ಹೇಳಿದ್ದಾರೆ.

ಮಗಳು ಏಳನೇ ಕ್ಲಾಸು, ಮಗ ಒಂದನೇ ಕ್ಲಾಸು. ಮಗ ದಿನಾ ರಾತ್ರಿ ಮೊಣಕಾಲೂರಿ "ಯೇಸಪ್ಪಾ, ಅವ್ವನ ಹೊಟ್ಟಿ ಆರಾಮ ಮಾಡು" ಅಂತ ಪ್ರಾರ್ಥನೆ ಮಾಡುತ್ತಾನೆ. ಮೊನ್ನೆ ಕೇಳಿದ: "ನಾ ಕೇಳೂದು ಯೇಸಪ್ಪಗ ಕೇಳಸವಲ್ದೇನವ್ವಾ?" ನನಗೆ ಬಾಯಿ ಬರಲಿಲ್ಲ. ಮಗಳು ಏನೂ ಕೇಳುವುದಿಲ್ಲ. ಯಾರೂ ಹೇಳದೆ ಪಾತ್ರೆ ತೊಳೆಯುತ್ತಾಳೆ, ತಮ್ಮನ ಡಬ್ಬಿ ಕಟ್ಟುತ್ತಾಳೆ. ಅದನ್ನು ನೋಡಿದರೆ ನನಗೆ ಇನ್ನೂ ಭಯ.

ನಮ್ಮ ಯಜಮಾನರು "ಮಕ್ಕಳ ಮುಂದ ಆ ಮಾತು ಬ್ಯಾಡ" ಅಂತಾರೆ. ಪ್ರಾರ್ಥನಾ ಕೂಟದವರು "ಮರಣದ ಮಾತು ಬಾಯಿಂದ ತರಬೇಡಿ, ಅದು ಅವಿಶ್ವಾಸ" ಅಂತಾರೆ. ದೇವರ ಮೇಲಿನ ನಂಬಿಕೆ ನನಗೆ ಹೋಗಿಲ್ಲ. ಆದರೆ ನಾನು ಹೋದ ಮೇಲೆ ಆ ಹುಡುಗ ದೇವರನ್ನು ನಂಬಬೇಕಲ್ಲ, ಅದು ನನ್ನ ಚಿಂತೆ. ಈ ದಾರಿ ನಡೆದವರು, ಹತ್ತಿರದಿಂದ ನೋಡಿದವರು ಬರೆಯಿರಿ. ಧೈರ್ಯವಾಗಿರಿ ಅಂತಷ್ಟೇ ಬರೀಬೇಡ್ರಿ, ಅದನ್ನು ದಿನಾ ಕೇಳುತ್ತೇನೆ.

ವಿಶ್ವಾಸಿ, ಬೆಂಗಳೂರು

ಸಹೋದರಿ, ನಿಮಗಾಗಿ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ ಇಡುತ್ತೇವೆ. ಯಾಕೋಬನ ಪತ್ರಿಕೆ ಐದನೇ ಅಧ್ಯಾಯ ಓದಿ. ನಂಬಿಕೆಯಿಂದ ಮಾಡಿದ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಎಂಬ ವಾಗ್ದಾನ ಅಲ್ಲಿದೆ. ಡಾಕ್ಟರು ಕೈಬಿಟ್ಟವರು ಎದ್ದು ನಿಂತು ಸಾಕ್ಷಿ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗುವಿನ ನಂಬಿಕೆ ದೊಡ್ಡದು, ಅದನ್ನು ಕುಂದಿಸಬೇಡಿ. ಇನ್ನೂ ನಡೆಯದ ಸಂಗತಿಯನ್ನು ಈಗಲೇ ಅವನಿಗೆ ಏಕೆ ಹೇಳಬೇಕು?

ನಿವೃತ್ತ ಸಭಾಪಾಲಕ, ಗದಗ

ತಂಗಿ, ನೀವು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಬೆಂಗಳೂರಿನ ಸಹೋದರರಿಗೆ. ಯಾಕೋಬನ ಮಾತನ್ನು ನಾನೂ ನಂಬುತ್ತೇನೆ. ಅದರಂತೆ ರೋಗಿಗಳ ತಲೆಯ ಮೇಲೆ ಕೈಯಿಟ್ಟು ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದೇನೆ. ಕೆಲವರು ಎದ್ದರು, ಬಹಳ ಜನ ಏಳಲಿಲ್ಲ. ಆದರೆ ಅದೇ ಹೊಸ ಒಡಂಬಡಿಕೆಯಲ್ಲಿ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆನೆಂದು ಬರೆದಿದ್ದಾನೆ. ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು ಮನೆಮದ್ದು ಹೇಳಿದ್ದಾನೆ. ಶರೀರದ ಮುಳ್ಳು ಎಂದು ತಾನೇ ಕರೆದ ಬಾಧೆಗಾಗಿ ಮೂರು ಸಲ ಬೇಡಿ, ಅದು ಹೋಗಲಿಲ್ಲ ಎಂದೂ ಹೇಳಿದ್ದಾನೆ. ಪೌಲನಿಗೆ ನಂಬಿಕೆ ಕಡಿಮೆಯಿತ್ತೆಂದು ಯಾರಾದರೂ ಹೇಳುತ್ತೀರಾ? ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಈ ಸಂಕಟದ ಪಾತ್ರೆ ತೊಲಗಲಿ ಎಂದು ಬೇಡಿದರು. ಪಾತ್ರೆ ತೊಲಗಲಿಲ್ಲ.

ಒಂದನೇ ಕ್ಲಾಸಿನ ಹುಡುಗನಿಗೆ "ನಂಬಿಕೆ ಇದ್ದರೆ ಅವ್ವ ಉಳಿಯುತ್ತಾಳೆ" ಎಂದು ಕಲಿಸಿ, ಅವ್ವ ಉಳಿಯದಿದ್ದರೆ ಅವನಿಗೆ ಎರಡೇ ದಾರಿ. ನನ್ನ ನಂಬಿಕೆ ಸಾಲಲಿಲ್ಲ, ನಾನೇ ಅವ್ವನನ್ನು ಸಾಯಿಸಿದೆ ಎನ್ನಬೇಕು. ಇಲ್ಲವೇ ದೇವರು ಸುಳ್ಳ ಎನ್ನಬೇಕು. ಎರಡನ್ನೂ ಹೊತ್ತು ಬೆಳೆದವರನ್ನು ನಾನು ನೋಡಿದ್ದೇನೆ. ಮಧ್ಯವಯಸ್ಸಿನಲ್ಲಿ ಬಂದು ನನ್ನ ಮುಂದೆ ಕೂತು ಅಳುತ್ತಾರೆ.

ಹಾಗಾದರೆ ಪ್ರಾರ್ಥನೆ ನಿಲ್ಲಿಸಬೇಕೇ? ಬೇಡ. ಸಂಡೇ ಸ್ಕೂಲಿನಲ್ಲಿ ಅವನು ಶದ್ರಕ್, ಮೇಷಕ್, ಅಬೇದ್‌ನೆಗೋ ಕಥೆ ಕೇಳಿಯೇ ಇರುತ್ತಾನೆ. ರಾಜನ ಪ್ರತಿಮೆಗೆ ಅಡ್ಡಬೀಳದ ಅವರನ್ನು ಬೆಂಕಿಯ ಕುಲುಮೆಗೆ ಹಾಕಿದ ಆ ಕಥೆ ಎಲ್ಲ ಮಕ್ಕಳಿಗೂ ಇಷ್ಟ. ರಾಜನ ಮುಂದೆ ಆ ಮೂವರು ಹೇಳಿದ್ದನ್ನು ದಾನಿಯೇಲನ ಮೂರನೇ ಅಧ್ಯಾಯದಲ್ಲಿ ಪೂರ್ತಿ ಓದಿ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದಿದ್ದರೂ ನಾವು ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎನ್ನುತ್ತಾರೆ. ನಾವು ಮಕ್ಕಳಿಗೆ ಮೊದಲ ಅರ್ಧ ಕಲಿಸಿ, "ಬಿಡಿಸದಿದ್ದರೂ" ಎಂಬುದನ್ನು ಬಿಟ್ಟುಬಿಡುತ್ತೇವೆ. ಈಗ ಆ ಅರ್ಧವನ್ನೂ ಕಲಿಸಿ. "ಯೇಸಪ್ಪಾ, ಅವ್ವನ ಆರಾಮ ಮಾಡು. ಆರಾಮ ಆಗದಿದ್ರೂ ನೀ ನಮ್ಮ ಜೋಡಿ ಇರು." ಇಷ್ಟು ಸಾಕು. ನಿಮ್ಮ ಮಗ ಇದನ್ನು ಒಂದೇ ರಾತ್ರಿಗೆ ಕಲಿಯುತ್ತಾನೆ. ಅವನ ಜೊತೆ ನೀವೂ ಹೇಳಿ, ಅವರ ಅಪ್ಪನೂ ಹೇಳಲಿ.

ಅವನು ಸಿಟ್ಟಾದರೆ ಸಿಟ್ಟಾಗಲಿ. ಕೀರ್ತನೆಗಳಲ್ಲಿ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ಅದೂ ಸತ್ಯವೇದದ ಒಳಗೇ ಇದೆ. ದೇವರ ಮೇಲೆ ಸಿಟ್ಟು ಮಾಡಿಕೊಂಡವನು ಇನ್ನೂ ದೇವರ ಹತ್ತಿರವೇ ಮಾತಾಡುತ್ತಿದ್ದಾನೆ.

"ಯಾರು ಪಾಪ ಮಾಡಿದ್ದಕ್ಕೆ ಹೀಗಾಯಿತು" ಎಂದು ಮನೆಗೆ ಬಂದು ಕೇಳುವವರೂ ಇರುತ್ತಾರೆ. ಅಂಥವರು ಮಕ್ಕಳಿರುವ ಕೋಣೆಗೆ ಬರದಂತೆ ಯಜಮಾನರು ಬಾಗಿಲಲ್ಲೇ ನೋಡಿಕೊಳ್ಳಲಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅದನ್ನೇ ಕೇಳಿದಾಗ ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಯೇಸುಸ್ವಾಮಿ ಖಂಡಿತವಾಗಿ ಹೇಳಿಬಿಟ್ಟರು.

ಪ್ಯಾಲಿಯೇಟಿವ್ ನರ್ಸ್, ಬೆಂಗಳೂರು

ಅಕ್ಕಾ, ಅಯ್ಯನವರು ಪ್ರಾರ್ಥನೆಯ ವಿಷಯ ಬರೆದಿದ್ದಾರೆ. ಪ್ಯಾಲಿಯೇಟಿವ್ ಅಂದರೆ ಗುಣವಾಗದ ಕಾಯಿಲೆಯಲ್ಲಿ ನೋವು, ಸಂಕಟ ಕಡಿಮೆ ಮಾಡುವ ಆರೈಕೆ. ಆ ಕೆಲಸದಲ್ಲಿ ನಾನು ಹಾಸಿಗೆಯ ಪಕ್ಕದಲ್ಲಿ ನೋಡಿದ್ದನ್ನು ಬರೆಯುತ್ತೇನೆ.

ಮಕ್ಕಳಿಗೆ ಗೊತ್ತಿಲ್ಲ ಅಂದುಕೊಳ್ಳುವುದು ದೊಡ್ಡವರು ಮಾತ್ರ. ಫೋನಿನಲ್ಲಿ ಪಿಸುಗುಟ್ಟಿದ್ದು, ಅಪ್ಪ ಬಚ್ಚಲಲ್ಲಿ ಅತ್ತಿದ್ದು ಎಲ್ಲ ಅವರಿಗೆ ಗೊತ್ತು. ನಿಮ್ಮ ಮಗಳು ಪಾತ್ರೆ ತೊಳೆಯುತ್ತಿರುವುದೂ ಅದಕ್ಕೇ. ಹೇಳದೇ ಇದ್ದರೆ ಆ ಭಯವನ್ನು ಅವಳು ಒಬ್ಬಳೇ ಹೊರುತ್ತಾಳೆ.

ಆರು ವರ್ಷದ ಮಕ್ಕಳಿಗೆ ಸಾವು ಅಂದರೆ ವಾಪಸು ಬರಲಾಗದ್ದು ಎಂಬುದು ಇನ್ನೂ ಪೂರ್ತಿ ತಿಳಿದಿರುವುದಿಲ್ಲ. ತಾನು ಮಾಡಿದ ಯಾವುದೋ ತಪ್ಪಿನಿಂದ, ಹಟ ಹಿಡಿದಿದ್ದರಿಂದ ಹೀಗಾಯಿತು ಅಂತಲೂ ನಂಬುತ್ತಾರೆ. ಅದಕ್ಕೆ ಮೂರು ಮಾತು ಬಾಯಿಬಿಟ್ಟು ಹೇಳಲೇಬೇಕು: ಇದು ನಿನ್ನಿಂದ ಆದದ್ದಲ್ಲ, ಮುಟ್ಟಿದರೆ ಅಂಟುವುದಲ್ಲ, ನಿನ್ನನ್ನು ನೋಡಿಕೊಳ್ಳುವವರು ಇದ್ದಾರೆ. ಯಾರು ಅಂತ ಹೆಸರು ಹಿಡಿದು ಹೇಳಿ. ಕಾಯಿಲೆಯ ಹೆಸರನ್ನೂ ಹೇಳಿ. ಬರೀ "ಹುಷಾರಿಲ್ಲ" ಅಂದರೆ ನಾಳೆ ತನಗೆ ನೆಗಡಿ ಬಂದಾಗಲೂ ಸಾಯುತ್ತೇನೆ ಅಂದುಕೊಳ್ಳುತ್ತಾನೆ. "ಅಮ್ಮ ನಿದ್ದೆ ಹೋಗುತ್ತಾಳೆ" ಅನ್ನಬೇಡಿ, ಆಮೇಲೆ ಮಗು ಮಲಗಲು ಹೆದರುತ್ತದೆ. ಸಾವು ಅನ್ನುವ ಪದವನ್ನೇ ಬಳಸಿ. ಒಮ್ಮೆಗೇ ಎಲ್ಲ ಹೇಳಿ ಮುಗಿಸಬೇಕಾಗಿಲ್ಲ. ಎರಡು ನಿಮಿಷ ಕೇಳಿಸಿಕೊಂಡು ಆಟಕ್ಕೆ ಓಡಿಹೋದರೆ ಮನಸ್ಸಿಗೆ ಹತ್ತಲಿಲ್ಲ ಅಂತಲ್ಲ, ಅವನಿಗೆ ಅಷ್ಟು ಹೊತ್ತೇ ತಡೆಯುವುದು. ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಚಿಕ್ಕ ಮಗುವಿನ ಹಾಗೆ ಮಾತಾಡುವುದು ಶುರುವಾಗಬಹುದು. ಬೈಯಬೇಡಿ.

ಮಗಳಿಗೆ ಹೆಚ್ಚು ಹೇಳಿ, ಬೇರೆಯಾಗಿ ಕೂರಿಸಿಕೊಂಡು ಹೇಳಿ. ಅವಳು ಆಟವಾಡಿದರೆ, ನಕ್ಕರೆ ಅದು ತಪ್ಪಲ್ಲ ಅಂತ ಹೇಳಿ.

ಇನ್ನೊಂದು. ಪ್ಯಾಲಿಯೇಟಿವ್ ವಿಭಾಗಕ್ಕೆ ಬಂದರೆ ಕೈಚೆಲ್ಲಿದಂತೆ ಅನ್ನುವ ಕ್ರೈಸ್ತ ಕುಟುಂಬಗಳು ಬಹಳ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಡಾಕ್ಟರ್. ಆ ಕೆಲಸಕ್ಕೆ ಬಂದದ್ದೇ ಕ್ರಿಸ್ತನ ಮೇಲಿನ ಭಕ್ತಿಯಿಂದ. ನೋವು ಬರೀ ದೇಹದ್ದಲ್ಲ. ಮನಸ್ಸಿನದು, ಮನೆಯದು, ಆತ್ಮದ್ದೂ ಸೇರಿದ್ದು ಅಂತ ಅವರೇ ತೋರಿಸಿಕೊಟ್ಟರು. ನೋವು ತಡೆದರೆ ನೀವು ಮಗನ ಹೋಂವರ್ಕ್ ನೋಡಬಲ್ಲಿರಿ. ನೋವು ತಡೆಯುವ ಮಾರ್ಫಿನ್ ಮಾತ್ರೆಗೆ ಹೆದರಬೇಡಿ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಮುಂಚಿನಷ್ಟು ತೊಡಕಿಲ್ಲದೆ ಇಟ್ಟುಕೊಳ್ಳಬಹುದು. ನಿಮ್ಮ ಕ್ಯಾನ್ಸರ್ ಡಾಕ್ಟರ್ ಹತ್ತಿರ ನೀವೇ ಬಾಯಿಬಿಟ್ಟು ಕೇಳಿ. ಬೆಂಗಳೂರಿಗೆ ಬರುವುದಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆ ಇದೆ, ಸೇಂಟ್ ಜಾನ್ಸ್‌ನಲ್ಲೂ ಇದೆ. ಕರುಣಾಶ್ರಯ ಅಲ್ಲಿನ ಹಾಸ್ಪೈಸ್, ದುಡ್ಡು ತೆಗೆದುಕೊಳ್ಳುವುದಿಲ್ಲ.

ಮಂಗಳೂರಿನಿಂದ ಒಬ್ಬ ಓದುಗ

ಅಕ್ಕ, ನಾನು ಕಥೋಲಿಕ. ನಿಮ್ಮ ಮಗ ಇರುವ ಜಾಗದಲ್ಲಿ ಇದ್ದವನು ನಾನು. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ.

ನನಗೆ ಯಾರೂ ಏನೂ ಹೇಳಲಿಲ್ಲ. ಕೊನೆಯ ವಾರಗಳಲ್ಲಿ ನನ್ನನ್ನು ಅಜ್ಜಿಮನೆಗೆ ಕಳುಹಿಸಿ, ಅಮ್ಮ ಮುಂಬೈಗೆ ಚಿಕಿತ್ಸೆಗೆ ಹೋಗಿದ್ದಾರೆ ಎಂದರು. ವಾಪಸು ಬಂದಾಗ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಇಗರ್ಜಿಯಲ್ಲಿ ಹಿರಿಯರೊಬ್ಬರು ನನ್ನ ತಲೆ ಸವರಿ, ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ ಎಂದರು. ಆ ವರ್ಷವಿಡೀ ನಾನು ಶಾಲೆಯಲ್ಲಿ ಬೇಕೆಂದೇ ಪೋಕರಿಯಾದೆ. ಒಳ್ಳೆಯವನಾದರೆ ನನ್ನನ್ನೂ ಕರೆಸಿಕೊಳ್ಳುತ್ತಾನಲ್ಲ ಎಂಬ ಭಯ. ಯಾಕೆ ಹಾಗೆ ಮಾಡಿದೆ ಎಂದು ಯಾರೂ ಕೇಳಲಿಲ್ಲ, ಹೊಡೆತ ಮಾತ್ರ ಬಿತ್ತು. ದಯವಿಟ್ಟು ನಿಮ್ಮ ಮಕ್ಕಳಿಗೆ ಆ ಮಾತನ್ನು ಯಾರೂ ಹೇಳದಂತೆ ನೋಡಿಕೊಳ್ಳಿ.

ನನ್ನ ಅಕ್ಕನಿಗೆ ಅಮ್ಮ ಹಾಸಿಗೆಯಲ್ಲಿ ಕೈ ಹಿಡಿದು, ಇನ್ನು ತಮ್ಮನಿಗೆ ನೀನೇ ಅಮ್ಮ ಎಂದಿದ್ದರಂತೆ. ಅಕ್ಕನಿಗೆ ಆಗ ಹದಿಮೂರು. ಅವಳು ಮಾತು ಉಳಿಸಿಕೊಂಡಳು, ನಾನು ಅವಳಿಗೆ ಋಣಿ. ಆದರೆ ಅವಳ ಬಾಲ್ಯ ಅವತ್ತೇ ಮುಗಿಯಿತು. ಮದುವೆಯನ್ನೂ ನನ್ನ ಕೆಲಸ ಆಗುವವರೆಗೆ ತಳ್ಳಿದಳು. ಸಾಯುವವರಿಗೆ ಕೊಟ್ಟ ಮಾತನ್ನು ಮಗು ಮುರಿಯಲಾರದು. ಆದ್ದರಿಂದ ಮಗಳಿಂದ ಮಾತು ತೆಗೆದುಕೊಳ್ಳಬೇಡಿ. ತಮ್ಮನನ್ನು ನೋಡಿಕೊ, ಡಾಕ್ಟರ್ ಆಗು, ಇಂಥವರನ್ನೇ ಮದುವೆಯಾಗು ಎಂದು ಯಾವುದನ್ನೂ ಹೇಳಬೇಡಿ. ಶಿಲುಬೆಯ ಮೇಲಿಂದ ಯೇಸು ತನ್ನ ತಾಯಿಯನ್ನು ಒಪ್ಪಿಸಿದ್ದು ಯೊವಾನ್ನನಿಗೆ, ದೊಡ್ಡವರನ್ನು ದೊಡ್ಡವರ ಕೈಗೆ. ಆ ಭಾರ ನಿಮ್ಮ ಯಜಮಾನರದು, ತವರಿನವರದು, ಜ್ಞಾನಸ್ನಾನದಲ್ಲಿ ಮಕ್ಕಳಿಗಾಗಿ ಮಾತು ಕೊಟ್ಟು ನಿಂತವರದು. ಅವರನ್ನು ಮನೆಗೆ ಕರೆದು, ಮಕ್ಕಳ ಎದುರಿಗೇ ಕೇಳಿ.

ನಮ್ಮಲ್ಲಿ ಗುರುಗಳು ರೋಗಿಗೆ ಎಣ್ಣೆ ಹಚ್ಚಲು ಮನೆಗೆ ಬಂದರೆ ಸಾವು ಬಂತು ಎಂದೇ ಜನ ಗಾಬರಿಪಡುತ್ತಿದ್ದರು. ಅದು ಸಾಯುವ ಗಳಿಗೆಯವರಿಗೆ ಮಾತ್ರ ಇರುವ ಸಂಸ್ಕಾರವಲ್ಲ ಎಂದು 1963ರಲ್ಲೇ ನಮ್ಮ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದೆ. ನಿಮ್ಮ ಸಭೆಯಲ್ಲೂ ರೋಗಿಗಳಿಗಾಗಿ ಪ್ರಾರ್ಥನಾವಿಧಿ ಇದ್ದೇ ಇರುತ್ತದೆ. ನೀವು ಕೂತು ಮಾತಾಡುವಷ್ಟು ಶಕ್ತಿ ಇರುವಾಗಲೇ ಮಾಡಿಸಿ, ಮಕ್ಕಳು ಪಕ್ಕದಲ್ಲಿರಲಿ.

ಧ್ವನಿ ರೆಕಾರ್ಡ್ ಮಾಡಿಡಿ. ಅಮ್ಮನ ಮುಖ ಫೋಟೋದಲ್ಲಿದೆ, ಕೈಬರಹ ಜಪದ ಪುಸ್ತಕದಲ್ಲಿದೆ, ಧ್ವನಿ ನನಗೆ ಪೂರ್ತಿ ಮರೆತುಹೋಗಿದೆ. ದೊಡ್ಡ ಉಪದೇಶ ಬೇಕಾಗಿಲ್ಲ. ಅವರ ಹೆಸರು ಕರೆಯಿರಿ, ಮಲಗಿಸುವಾಗ ಹೇಳುವ ಪ್ರಾರ್ಥನೆ ಹೇಳಿ, ಸಾರಿಗೆ ಏನೇನು ಹಾಕುತ್ತೀರಿ ಎಂದು ಹೇಳಿ.

ಶಿಕ್ಷಕಿ, ಹಾವೇರಿ ಜಿಲ್ಲೆ

ನಾನು ಕ್ರೈಸ್ತಳಲ್ಲ, ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇಬ್ಬರ ಕ್ಲಾಸ್ ಟೀಚರಿಗೂ ಈಗಲೇ ತಿಳಿಸಿ. ತಾಯಂದಿರ ದಿನಕ್ಕೆ ಕಾರ್ಡ್ ಮಾಡಿಸುವಾಗ, ಹೋಂವರ್ಕ್ ತರದಿದ್ದಾಗ ನಾವು ಗೊತ್ತಿಲ್ಲದೆ ಮಗುವನ್ನು ನೋಯಿಸದಂತೆ ಇರಬಹುದು. ಹಣದ ತೊಂದರೆ ಇದ್ದರೆ ಮಕ್ಕಳ ರಕ್ಷಣೆಗಿರುವ ಸರ್ಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಾರಣಾಂತಿಕ ಕಾಯಿಲೆಯ ತಂದೆತಾಯಿಗಳ ಮಕ್ಕಳೂ ಸೇರುತ್ತಾರೆ. ತಿಂಗಳಿಗೆ ಒಂದು ಮಗುವಿಗೆ 4,000 ರೂಪಾಯಿ, ಆದಾಯದ ಮಿತಿ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು.

ಕೋಲಾರ, ಒಬ್ಬಂಟಿ ತಾಯಿ

ಈ ಚರ್ಚೆ ಓದುತ್ತಾ ಕೂತಿದ್ದೇನೆ. ನನ್ನ ಗಂಡ ತೀರಿಕೊಂಡಿದ್ದಾರೆ. ನನಗೂ ಶ್ವಾಸಕೋಶದ ಕ್ಯಾನ್ಸರ್. ಒಬ್ಬಳೇ ಮಗಳು, ಹತ್ತು ವರ್ಷ. ಅವಳು ನನ್ನ ತಂಗಿಯ ಹತ್ತಿರ ಬೆಳೆಯಬೇಕು ಅಂತ ನನ್ನ ಆಸೆ. ಗಂಡನ ಮನೆಯವರು ಮನೆಯ ಆಸೆಗೆ ಕರೆದುಕೊಂಡು ಹೋಗುತ್ತಾರೋ ಅಂತ ಭಯ. ವಿಲ್ ಬರೆದರೆ ಸಾಕಾ?

ವಕೀಲ, ಮೈಸೂರು

ಅಮ್ಮಾ, ಬರೆಯಿರಿ, ಇವತ್ತೇ ಬರೆಯಿರಿ. ನಮಗೆ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ 60ನೇ ಕಲಂ ವಿಲ್ ಮೂಲಕ ಮಗುವಿಗೆ ಪಾಲಕರನ್ನು ನೇಮಿಸುವ ಅಧಿಕಾರವನ್ನು ತಂದೆಗೆ ಕೊಡುತ್ತದೆ, ತಾಯಿಯ ಹೆಸರು ಅಲ್ಲಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ದಾರಿ ಮುಚ್ಚಿಲ್ಲ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ 17ನೇ ಕಲಂ ಪ್ರಕಾರ ನ್ಯಾಯಾಲಯ ಮಗುವಿನ ಹಿತ ನೋಡಬೇಕು. ಅದರ ಜೊತೆಗೆ ತೀರಿಕೊಂಡ ತಂದೆ ಅಥವಾ ತಾಯಿಯ ಇಚ್ಛೆಯನ್ನೂ, ತಿಳಿವಳಿಕೆಯ ವಯಸ್ಸಿಗೆ ಬಂದಿದ್ದರೆ ಮಗುವಿನ ಇಷ್ಟವನ್ನೂ ಗಣನೆಗೆ ತೆಗೆದುಕೊಳ್ಳಬಹುದು. ಹಾಗಾಗಿ ಮಗಳು ತಂಗಿಯ ಹತ್ತಿರ ಬೆಳೆಯಬೇಕು, ಯಾಕೆ ಎಂದು ವಿಲ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ನಿಮ್ಮ ತಂಗಿ ಆಮೇಲೆ ನ್ಯಾಯಾಲಯಕ್ಕೆ ಅರ್ಜಿ ಹಾಕುವಾಗ ಅದು ದೊಡ್ಡ ಬಲ. ಮಗಳು ಈಗಿನಿಂದಲೇ ರಜೆಗಳಲ್ಲಿ ಅವರ ಮನೆಯಲ್ಲಿದ್ದು ಒಗ್ಗಿಕೊಳ್ಳಲಿ.

ವಿಲ್‌ಗೆ ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರನ್ನಾಗಲಿ, ಅವರ ಗಂಡ ಅಥವಾ ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬೇಡಿ. ಮಾಡಿದರೆ 67ನೇ ಕಲಂ ಪ್ರಕಾರ ಅವರಿಗೆ ಬರೆದದ್ದು ಬಿದ್ದುಹೋಗುತ್ತದೆ. ತಂಗಿಗೆ ಏನಾದರೂ ಬರೆಯುವುದಾದರೆ ತಂಗಿಯ ಗಂಡ ಸಾಕ್ಷಿಯಾಗುವಂತಿಲ್ಲ. ಅವಸರದಲ್ಲಿ ಮನೆಮಂದಿಯೇ ಸಹಿ ಹಾಕಿ ಹೀಗೆ ಕೆಡಿಸುತ್ತಾರೆ. ನೋಂದಣಿ ಕಡ್ಡಾಯವಲ್ಲ, ಆದರೆ ತಕರಾರು ಬರುವಂತಿದ್ದರೆ ಮಾಡಿಸುವುದೇ ಲೇಸು. ಬ್ಯಾಂಕಿನ ನಾಮಿನಿ ಹಣವನ್ನು ಕೈಗೆ ಪಡೆಯುವವರು ಅಷ್ಟೇ, ವಾರಸುದಾರರಲ್ಲ. ಅದನ್ನೂ ವಿಲ್‌ನಲ್ಲಿ ಬಿಡಿಸಿ ಬರೆಯಿರಿ.

ಧಾರವಾಡದ ಸಹೋದರಿಗೂ ಒಂದು ಮಾತು. ವಿಲ್ ಇಲ್ಲದಿದ್ದರೆ ನಿಮ್ಮ ಆಸ್ತಿಯಲ್ಲಿ ಮೂರನೇ ಒಂದು ಪಾಲು ಯಜಮಾನರಿಗೆ, ಉಳಿದದ್ದು ಮಕ್ಕಳಿಬ್ಬರಿಗೂ ಸಮ. ಸತ್ಯವೇದದಲ್ಲಿ ಕಾಯಿಲೆಯಿಂದ ಸಾಯುವಂತಿದ್ದ ಹಿಜ್ಕೀಯ ರಾಜನಿಗೆ ಪ್ರವಾದಿ ಹೇಳಿದ ಮೊದಲ ಮಾತೇ ನಿನ್ನ ಮನೆಯ ವ್ಯವಸ್ಥೆ ಮಾಡಿಕೊ ಎಂದು. ಅವನು ಅತ್ತು ಪ್ರಾರ್ಥಿಸಿದ, ಆಯುಷ್ಯವೂ ಹೆಚ್ಚಿತು. ವ್ಯವಸ್ಥೆ ಮಾಡುವುದು ಅವಿಶ್ವಾಸ ಎನ್ನುವವರಿಗೆ ಆ ಅಧ್ಯಾಯ ತೋರಿಸಿ.

ವಿಶ್ವಾಸಿ, ಬೆಂಗಳೂರು

ಎಲ್ಲರ ಮಾತನ್ನೂ ಓದಿದೆ. ನಾನು ಇನ್ನೂ ಸ್ವಸ್ಥತೆಗಾಗಿಯೇ ಪ್ರಾರ್ಥಿಸುತ್ತೇನೆ, ಅದನ್ನು ಬಿಡುವುದಿಲ್ಲ. ಮಗುವಿನ ಮೇಲೆ ಭಾರ ಬೀಳಬಾರದು ಎಂಬುದನ್ನು ಒಪ್ಪುತ್ತೇನೆ. ಸಹೋದರಿ, ಚಿಕಿತ್ಸೆಗೆ ಬೆಂಗಳೂರಿಗೆ ಬಂದರೆ ಮಕ್ಕಳ ಸಹಿತ ನಮ್ಮ ಮನೆಯಲ್ಲಿ ಉಳಿದುಕೊಳ್ಳಿ. ನನ್ನ ಹೆಂಡತಿಯೂ ಇದನ್ನೇ ಹೇಳುತ್ತಿದ್ದಾಳೆ.

ಧಾರವಾಡದ ತಾಯಿ

ಒಬ್ಬೊಬ್ಬರಿಗೂ ಉತ್ತರ ಬರೆಯುವಷ್ಟು ಶಕ್ತಿ ಇಲ್ಲ, ಕ್ಷಮಿಸಿ. ಎಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ಅಜ್ಜಿಮನೆಗೆ ಕಳಿಸಿದ ಆ ಅಣ್ಣನ ಮಾತು ಬಂದಾಗ ಅವರು ಎದ್ದು ಹೊರಗೆ ಹೋದರು. ಮರುದಿನ ಅವರೇ "ಹೇಳೂಣು" ಅಂದರು.

ಭಾನುವಾರ ಆರಾಧನೆ ಮುಗಿಸಿ ಬಂದು, ಊಟ ಆದ ಮೇಲೆ ಹೇಳಿದೆವು. ಕ್ಯಾನ್ಸರ್ ಅಂತ ಹೆಸರು ಹೇಳಿದೆ. ಔಷಧಕ್ಕೆ ಇದು ಪೂರ್ತಿ ಹೋಗುವುದಿಲ್ಲ, ನಾನು ಇದರಿಂದ ಸಾಯಬಹುದು, ಯಾವಾಗ ಅಂತ ಗೊತ್ತಿಲ್ಲ, ಇವತ್ತಲ್ಲ ಅಂದೆ. ಮಗ ಮೊದಲು ಕೇಳಿದ್ದು "ಯೇಸಪ್ಪಗ ನನ್ನ ಮ್ಯಾಲೆ ಸಿಟ್ಟ ಬಂದದೇನು?" ಯಜಮಾನರು ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಇಲ್ಲ, ಇಲ್ಲ ಅಂತ ಹೇಳಿದರು. ಆಮೇಲೆ ಅವನು ಸೈಕಲ್ ತಗೊಂಡು ಹೊರಗೆ ಹೋದ. ನರ್ಸ್ ಸಿಸ್ಟರ್ ಬರೆದ ಹಾಗೇ.

ಮಗಳು ಬಹಳ ಹೊತ್ತು ಸುಮ್ಮನಿದ್ದು, "ನಮ್ಮನ್ನ ಹಾಸ್ಟೆಲಿಗೆ ಹಾಕ್ತೀರೇನು?" ಅಂದಳು. ಅಷ್ಟು ದಿನ ಅವಳ ತಲೆಯಲ್ಲಿ ಇದೇ ಇತ್ತು. ಕೆಲಸ ಚೆನ್ನಾಗಿ ಮಾಡಿದರೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದಳು. ಹಾಕುವುದಿಲ್ಲ, ಅಪ್ಪ ಇಲ್ಲೇ ಇರುತ್ತಾರೆ, ಅತ್ತೆ ಬಂದು ಇರುತ್ತಾರೆ ಅಂತ ಹೇಳಿದ ಮೇಲೆ ಜೋರಾಗಿ ಅತ್ತಳು. ನಾನೂ ಅತ್ತೆ. ಪಾತ್ರೆಗೆ ಈಗ ಸಭೆಯ ಅಕ್ಕಂದಿರು ಪಾಳಿ ಹಾಕಿಕೊಂಡಿದ್ದಾರೆ. ಮಗಳನ್ನು ಕ್ವಾಯರ್ ಪ್ರಾಕ್ಟೀಸಿಗೆ ವಾಪಸು ಕಳಿಸಿದ್ದೇನೆ. ಅಯ್ಯನವರು ಹೇಳಿದ ಪ್ರಾರ್ಥನೆಯನ್ನು ಮಗ ಕಲಿತಿದ್ದಾನೆ. "ಆರಾಮ ಆಗದಿದ್ರೂ" ಅನ್ನುವಲ್ಲಿ ಇನ್ನೂ ನಿಲ್ಲುತ್ತಾನೆ. ಅಪ್ಪ ಅದನ್ನು ಅವನ ಜೊತೆ ಹೇಳುತ್ತಾರೆ.

ಒಂದು ಪ್ರಶ್ನೆ ಸಿಸ್ಟರ್‌ಗೆ. ಕೊನೆಯ ದಿನಗಳಲ್ಲಿ ಮಕ್ಕಳು ಹತ್ತಿರ ಇರಬೇಕಾ? ಅವರು ಹೆದರುವುದಿಲ್ಲವೇ?

ಪ್ಯಾಲಿಯೇಟಿವ್ ನರ್ಸ್, ಬೆಂಗಳೂರು

ಅಕ್ಕಾ, ಅವರನ್ನೇ ಕೇಳಿ. ಬರುತ್ತೇನೆ ಅಂದರೆ ಬರಲಿ, ಬೇಡ ಅಂದರೆ ಬಲವಂತ ಬೇಡ, ಅರ್ಧದಲ್ಲಿ ಎದ್ದುಹೋದರೂ ಬೈಯಬೇಡಿ. ಏನು ಕಾಣುತ್ತದೆ ಅಂತ ಮೊದಲೇ ಹೇಳಿದರೆ ಹೆದರಿಕೆ ಕಡಿಮೆ. ಅಮ್ಮ ಹೆಚ್ಚು ಹೊತ್ತು ಕಣ್ಣು ಮುಚ್ಚಿರುತ್ತಾಳೆ, ಉಸಿರು ಒಮ್ಮೆ ಜೋರು ಒಮ್ಮೆ ನಿಧಾನ ಆಗುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಬರಬಹುದು, ಕೈಕಾಲು ತಣ್ಣಗಾಗುತ್ತದೆ. ಮಾತಾಡದಿದ್ದರೂ ಕೇಳಿಸುತ್ತಿರಬಹುದು, ಅದಕ್ಕೆ ನೀನು ಮಾತಾಡು ಅಂತ ಹೇಳಿಡಿ. ಅವರ ಜೊತೆ ಇರಲು ಅಳದೆ ನಿಲ್ಲಬಲ್ಲ ಒಬ್ಬ ದೊಡ್ಡವರನ್ನು ಗೊತ್ತುಮಾಡಿ. ಯಜಮಾನರಿಗೆ ಆ ಹೊತ್ತಿನಲ್ಲಿ ಆಗದೇ ಇರಬಹುದು, ಅತ್ತೆಯವರೋ ಸಂಡೇ ಸ್ಕೂಲ್ ಟೀಚರೋ ಆದೀತು. ಮಣ್ಣಿಗೆ ಹೋಗುವ ವಿಷಯದಲ್ಲೂ ಹೀಗೇ, ಹೇಳಿ, ಕೇಳಿ, ಅವರ ಇಷ್ಟಕ್ಕೆ ಬಿಡಿ.

ಮನೆಯಲ್ಲೇ ಇರಬೇಕು, ಐಸಿಯು ಮತ್ತು ನಳಿಕೆ ಬೇಡ ಅಂತ ನಿಮಗಿದ್ದರೆ ಈಗಲೇ ಬರೆದಿಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿದೆ. 2023ರಲ್ಲಿ ಕ್ರಮವನ್ನು ಸುಲಭ ಮಾಡಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಒಂದು ಪ್ರತಿ ಯಜಮಾನರ ಹತ್ತಿರ, ಒಂದು ಆಸ್ಪತ್ರೆಯ ಫೈಲಿನಲ್ಲಿ ಇರಲಿ.

ಹೊಟ್ಟೆಯ ನೀರು ಬಿಗಿಯಾದರೆ ಕಾಯಬೇಡಿ, ತೆಗೆಸಿ. ಉಸಿರಾಟ ಹಗುರಾಗುತ್ತದೆ, ಊಟ ಸ್ವಲ್ಪ ಸೇರುತ್ತದೆ. ದಿನದಲ್ಲಿ ಯಾವ ಹೊತ್ತು ನಿಮಗೆ ಗೆಲುವಾಗಿರುತ್ತದೋ ಆ ಹೊತ್ತನ್ನು ಮಕ್ಕಳಿಗೆ ಇಡಿ, ನೋಡಲು ಬರುವವರಿಗೆ ಬೇರೆ ಹೊತ್ತು ಹೇಳಿ. ಮಾರ್ಫಿನ್ ಮಾತ್ರೆ ಶುರುವಾದರೆ ಮಲಬದ್ಧತೆ ಬರುತ್ತದೆ, ಅದಕ್ಕೆ ಔಷಧ ಮೊದಲ ದಿನದಿಂದಲೇ ಕೇಳಿ ಬರೆಸಿಕೊಳ್ಳಿ.